‘ಇಬ್ಬರೂ ಓದಿದ್ದೇವೆ’ ಎಂಬ ಸಾಲು

ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದು ಜರಡಿ ಎಂದು. ಹೆಸರಿಟ್ಟವಳು ಅಕ್ಕ. ಚಿಕ್ಕಂದಿನಲ್ಲಿ ತಟ್ಟೆಯ ಮುಂದೆ ಕೂತರೆ ಈ ಹುಡುಗಿ ಮೊದಲು ಕಲ್ಲು ಹುಡುಕುತ್ತಿತ್ತು, ಆಮೇಲೆ ಕೂದಲು ಹುಡುಕುತ್ತಿತ್ತು, ಎರಡೂ ಸಿಗದಿದ್ದರೆ ಮೋಸ ಹೋದವಳ ಹಾಗೆ ಮುಖ ಊದಿಸಿಕೊಂಡು ತಿನ್ನುತ್ತಿತ್ತು. “ಇವಳನ್ನ ಕಟ್ಕೊಳ್ಳೋಕೆ ಬಂದವನನ್ನೂ ಜರಡಿಗೆ ಹಾಕ್ತಾಳೆ ನೋಡ್ತಿರು” ಎಂದು ಅಕ್ಕ ಅಮ್ಮನಿಗೆ ಹೇಳುತ್ತಿದ್ದಳು. ಅದೂ ನಿಜವಾಯಿತು. ಬಂದವರನ್ನೆಲ್ಲ ಜರಡಿಗೆ ಹಾಕಿದಳು, ಯಾರೂ ಉಳಿಯಲಿಲ್ಲ.

ಹೊಟ್ಟೆಪಾಡಿಗೆ ಸಿಕ್ಕ ಕೆಲಸವೂ ಅದೇ ಜಾತಿಯದು. ಮೆಡಿಕಲ್ ಕಾಲೇಜಿನ ಹಿಂದಿನ ಕಟ್ಟಡದಲ್ಲಿ ಲಿಫ್ಟು ನಿಲ್ಲುವ ಕೊನೆಯ ಮಹಡಿಗಿಂತ ಇನ್ನೂ ಒಂದು ಮಹಡಿ ಮೇಲೆ ಅವಳ ಕಚೇರಿ. ಅಲ್ಲಿಗೆ ರೋಗಿ ಎಂಬ ಪ್ರಾಣಿ ಕಾಲಿಟ್ಟದ್ದಿಲ್ಲ. ಔಷಧಿಯ ವಾಸನೆ ಇಲ್ಲ, ನರಳಾಟವಿಲ್ಲ. ಕಂಪ್ಯೂಟರುಗಳು, ಕಾಗದದ ಗುಡ್ಡೆಗಳು, ಯಾರೂ ತೊಳೆಯದ ಟೀ ಲೋಟಗಳು. ಆದರೆ ಕೆಳಗಿನ ವಾರ್ಡುಗಳಲ್ಲಿ ಯಾರ ಬಾಯಿಗೆ ಯಾವ ಮಾತ್ರೆ ಬೀಳಬೇಕು ಎಂಬುದು ತೀರ್ಮಾನವಾಗುತ್ತಿದ್ದುದು ಈ ಲೋಟಗಳ ನಡುವೆ.

ಕೆಲಸ ಏನೆಂದರೆ, ಪ್ರಪಂಚದ ಮೂಲೆಮೂಲೆಯ ಡಾಕ್ಟರುಗಳು ಒಂದೊಂದು ಔಷಧಿಯನ್ನು ಒಂದಷ್ಟು ಜನರ ಮೇಲೆ ಪ್ರಯೋಗ ಮಾಡಿ ಲೇಖನ ಬರೆಯುತ್ತಾರೆ. ಒಬ್ಬ ಅಮೃತ ಎನ್ನುತ್ತಾನೆ, ಇನ್ನೊಬ್ಬ ಪರವಾಗಿಲ್ಲ ಎನ್ನುತ್ತಾನೆ, ಮತ್ತೊಬ್ಬ ಸುಣ್ಣದ ನೀರಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ ಎನ್ನುತ್ತಾನೆ. ಯಾರ ಮಾತು ನಂಬುವುದು? ಎಲ್ಲವನ್ನೂ ತಂದು ಒಟ್ಟಿಗೆ ಹಾಕಿ, ಜೊಳ್ಳು ತೆಗೆದು, ಉಳಿದದ್ದನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕು. ಹೆಚ್ಚು ಜನರ ಮೇಲೆ ಮಾಡಿದ ಪ್ರಯೋಗಕ್ಕೆ ಹೆಚ್ಚು ತೂಕ, ಕಡಿಮೆ ಜನರದ್ದಕ್ಕೆ ಕಡಿಮೆ ತೂಕ. ಕೊನೆಗೆ ಈ ರೋಗಕ್ಕೆ ಮೊದಲನೆಯದು ಇದು, ಎರಡನೆಯದು ಅದು ಎಂದು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿ ಕೊಡಬೇಕು. ಆಸ್ಪತ್ರೆಗಳು ಅದನ್ನು ನೋಡಿ ಔಷಧಿ ತರಿಸುತ್ತವೆ.

ಇದರಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು. ಪ್ರತಿ ಲೇಖನವನ್ನೂ ಇಬ್ಬರು ಓದಬೇಕು. ಒಬ್ಬರ ಮುಖ ಒಬ್ಬರು ನೋಡದೆ, ಬೇರೆಬೇರೆ ಕೂತು ಓದಿ ಅಂಕಿಗಳನ್ನು ಹೆಕ್ಕಬೇಕು. ಆಮೇಲೆ ಎರಡನ್ನೂ ತಾಳೆ ನೋಡಬೇಕು. ಒಬ್ಬರ ಕಣ್ಣು ತಪ್ಪಿಸಿಕೊಂಡದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಎಂದು ಈ ಏರ್ಪಾಡು. ಪ್ರತಿ ವರದಿಯ ಮೊದಲ ಪುಟದಲ್ಲಿ ‘ಎಲ್ಲ ಲೇಖನಗಳನ್ನೂ ಇಬ್ಬರು ಸ್ವತಂತ್ರವಾಗಿ ಓದಿದ್ದಾರೆ’ ಎಂದು ಅಚ್ಚಾಗುತ್ತಿತ್ತು.

ಓದುತ್ತಿದ್ದರೇ? ಎಲ್ಲಿ ಸಾಧ್ಯ? ಮೇಲಿನವರು ಕೊಡುತ್ತಿದ್ದ ಗಡುವು ಒಬ್ಬ ಅರ್ಧ ಓದಿ ಮುಗಿಸುವಷ್ಟೇ. ಹಾಗಾಗಿ ಆ ಮಹಡಿಯಲ್ಲಿ ಯಾರೂ ಬರೆದಿಡದ ಇನ್ನೊಂದು ನಿಯಮ ಹುಟ್ಟಿಕೊಂಡಿತ್ತು: ಅರ್ಧ-ಅರ್ಧ. ಗುಡ್ಡೆಯ ಮೇಲಿನ ಅರ್ಧ ನಿನಗೆ, ಕೆಳಗಿನ ಅರ್ಧ ನನಗೆ. ನೀನು ಹೆಕ್ಕಿದ್ದನ್ನು ನಾನು ಇಳಿಸಿಕೊಳ್ಳುತ್ತೇನೆ, ನಾನು ಹೆಕ್ಕಿದ್ದನ್ನು ನೀನು ಇಳಿಸಿಕೋ. ತಾಳೆ ನೋಡಿದರೆ ಸೊಗಸಾಗಿ ತಾಳೆಯಾಗುತ್ತಿತ್ತು. ಆಗದೆ ಏನು ಮಾಡೀತು! ದೊಡ್ಡವರಿಗೂ ಗೊತ್ತಿತ್ತು. ದೊಡ್ಡವರು ಎಂದರೆ ವಿಭಾಗದ ಮುಖ್ಯಸ್ಥರು. ರೋಗಿಯ ನಾಡಿ ಹಿಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದ್ದ ಡಾಕ್ಟರು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರುವುದು ಆ ಕುರ್ಚಿಯ ಮುಖ್ಯ ಅರ್ಹತೆ.

ಜರಡಿಗೆ ಜೋಡಿಯಾಗಿದ್ದವನು ಪೆನ್ಸಿಲ್. ಸದಾ ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಇನ್ನೊಂದಕ್ಕಾಗಿ ಮೇಜೆಲ್ಲ ತಡಕಾಡುತ್ತಿದ್ದುದರಿಂದ ಆ ಹೆಸರು. ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವನು, ಗುತ್ತಿಗೆಯ ಮೇಲೆ ಇದ್ದವನು, ಎರಡು ಮಕ್ಕಳ ತಂದೆ. ಜರಡಿಯದು ಕಾಯಂ ನೌಕರಿ. ಈ ವ್ಯತ್ಯಾಸ ಟೀ ಕುಡಿಯುವಾಗ ಕಾಣಿಸುವಂಥದ್ದಲ್ಲ.

ಇನ್ನು ಅಕ್ಕ. ಅಕ್ಕ ಸಿಟಿ ಬಸ್ಸಿನ ಡ್ರೈವರು. ಆ ಡಿಪೋದಲ್ಲಿ ಸ್ಟಿಯರಿಂಗ್ ಹಿಡಿದ ಮೊದಲ ಹೆಂಗಸು. ಶುರುವಿನಲ್ಲಿ ಮುದುಕರು ಬಸ್ಸು ಹತ್ತಿ, ಅವಳ ಮುಖ ನೋಡಿ, ಇಳಿದು ಹೋಗುತ್ತಿದ್ದರಂತೆ. “ಇಳೀರಿ ಇಳೀರಿ, ಭಾರ ಕಮ್ಮಿ ಆದ್ರೆ ಗಾಡಿ ಓಡುತ್ತೆ” ಎಂದು ಕೂಗಿ ಬಾಗಿಲು ಹಾಕುತ್ತಿದ್ದಳು. ಸಂಬಳದ ಮುಷ್ಕರದಲ್ಲಿ ಡಿಪೋ ಗೇಟಿಗೆ ಬಸ್ಸು ಅಡ್ಡ ನಿಲ್ಲಿಸಿ ಕೀಲಿಕೈಯನ್ನು ರವಿಕೆಯೊಳಗೆ ಹಾಕಿಕೊಂಡು, “ಧೈರ್ಯ ಇದ್ದವನು ಬಂದು ತಗೊಳ್ಳಲಿ” ಎಂದು ಮ್ಯಾನೇಜರಿಗೆ ಸವಾಲು ಹಾಕಿದವಳು. ಅಪ್ಪ ಅಮ್ಮ ಹೋದಮೇಲೆ ಅಕ್ಕ ತಂಗಿ ಇಬ್ಬರೇ ಒಂದು ಬಾಡಿಗೆ ಮನೆಯಲ್ಲಿದ್ದರು. ಒಬ್ಬಳು ದಿನವಿಡೀ ಅರಚಿ ಬರುವಳು, ಇನ್ನೊಬ್ಬಳು ದಿನವಿಡೀ ತುಟಿ ಹೊಲಿದುಕೊಂಡು ಬರುವಳು. ಸಂಸಾರ ಚೆನ್ನಾಗಿಯೇ ನಡೆದಿತ್ತು.

ಅಕ್ಕನಿಗೆ ಸಂಧಿವಾತ ಹಿಡಿದದ್ದು ನಡುವಯಸ್ಸಿನಲ್ಲಿ. ಬೆಳಿಗ್ಗೆ ಎದ್ದರೆ ಬೆರಳುಗಳು ಊದಿ, ಬಿಗಿದು, ಹಲ್ಲುಜ್ಜುವ ಬ್ರಷ್ಷೂ ಹಿಡಿಯಲಾಗದ ಸ್ಥಿತಿ. ಕೆಲಸಗಾರರ ಆಸ್ಪತ್ರೆಯಲ್ಲಿ ಕೊಟ್ಟ ಒಂದು ಹಳೆಯ ಮಾತ್ರೆ ಕೈ ಹಿಡಿಯಿತು. ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಮಾತ್ರೆ ತಿಂದ ಮಾರನೆಯ ದಿನ ಹೊಟ್ಟೆ ತೊಳಸುತ್ತದೆ. ಅಷ್ಟು ಬಿಟ್ಟರೆ ಬೆರಳು ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ವರ್ಷಗಟ್ಟಲೆ ಆ ಮಾತ್ರೆಯ ಮೇಲೆ ಬಸ್ಸು ಓಡಿಸಿದಳು.

ಆಗ ಬಂತು ಸಂಧಿವಾತದ ವರದಿ. ಹಳೆಯ ಮಾತ್ರೆ ಮೇಲೋ, ಹೊಸದಾಗಿ ಬಂದ ಸೂಜಿಮದ್ದು ಮೇಲೋ? ಕೆಲಸಗಾರರ ಆಸ್ಪತ್ರೆಯಲ್ಲಿ ಔಷಧಿಗಳ ಪಟ್ಟಿ ಮಾಡುವ ಸಮಿತಿ ಕೂರುವ ಮೊದಲು ಉತ್ತರ ಬೇಕಿತ್ತು. ಎಂದಿನಂತೆ ಗಡುವು ಕುತ್ತಿಗೆಗೆ ಬಂದಿತ್ತು. ಎಂದಿನಂತೆ ಅರ್ಧ-ಅರ್ಧ. ಎಲ್ಲ ಕೂಡಿಸಿ ತೂಗಿದಾಗ ಸೂಜಿ ಮೇಲಿನ ಮೆಟ್ಟಿಲಿಗೆ ಏರಿತು, ಮಾತ್ರೆ ಕೆಳಗಿಳಿಯಿತು. ಅಂತರ ದೊಡ್ಡದೇನಲ್ಲ. ಆದರೆ ಮೇಲು ಮೇಲೇ, ಕೆಳಗು ಕೆಳಗೇ. ಸಮಿತಿ ಮಾತ್ರೆಯನ್ನು ಆಸ್ಪತ್ರೆಯ ಪಟ್ಟಿಯಿಂದ ಕಿತ್ತುಹಾಕಿತು.

ಅಕ್ಕ ಒಪ್ಪಲಿಲ್ಲ. “ಓಡ್ತಾ ಇರೋ ಗಾಡಿ ಇಂಜಿನ್ ಬಿಚ್ತಾರೇನೇ ಯಾರಾದ್ರೂ?”

“ಅಕ್ಕಾ, ಇದು ಯಾವನೋ ಕಂಪನಿ ಏಜೆಂಟ್ ಹೇಳಿದ್ದಲ್ಲ. ಸಾವಿರಾರು ಜನರ ಮೇಲೆ ನೋಡಿದಾರೆ. ನಾನೇ ಕೂತು ಓದಿದೀನಿ.”

“ಎಲ್ಲಾನೂ?”

“ಎಲ್ಲಾನೂ.”

ಆ ಸುಳ್ಳು ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅದು ಸುಳ್ಳು ಎಂದು ಅವಳಿಗೇ ಹೊಳೆಯಲಿಲ್ಲ. ವರದಿಗಳಲ್ಲಿ ಅಷ್ಟು ಸಲ ಅಚ್ಚಾಗಿದ್ದ ಮಾತು ಅದು. ಅಕ್ಕ ತಂಗಿಯ ಮುಖ ನೋಡಿದಳು, ಜರಡಿಯಲ್ಲವೇ ಎಂದುಕೊಂಡಳು, ತೋಳು ಮುಂದೆ ಮಾಡಿದಳು.

ಸೂಜಿ ಅಕ್ಕನಿಗೆ ಒಗ್ಗಲಿಲ್ಲ. ಸ್ವಲ್ಪ ದಿನ ಕಾಯಿರಿ ಎಂದರು, ಕಾದಳು. ಇನ್ನೂ ಸ್ವಲ್ಪ ಕಾಯಿರಿ ಎಂದರು. ಅಷ್ಟರಲ್ಲಿ ಬೆರಳಿನ ಗೆಣ್ಣುಗಳು ಶುಂಠಿಯ ಹಾಗೆ ಗಂಟುಗಟ್ಟಿದವು. ತಿರುವಿನಲ್ಲಿ ಒಮ್ಮೆ ಸ್ಟಿಯರಿಂಗ್ ಕೈಜಾರಿ ಬಸ್ಸು ಫುಟ್‌ಪಾತಿಗೆ ಹತ್ತಿತು. ಯಾರಿಗೂ ಏನೂ ಆಗಲಿಲ್ಲ, ಅಕ್ಕನಿಗಾಯಿತು. ಡಿಪೋದವರು ಅವಳನ್ನು ತಾತ್ಕಾಲಿಕವಾಗಿ ಗಾಡಿಯಿಂದ ಇಳಿಸಿದರು. ಬೇಸಿಗೆ ಮುಗಿದ ಮೇಲೆ ಮತ್ತೆ ದೈಹಿಕ ಪರೀಕ್ಷೆ. ಅದರಲ್ಲಿ ಪಾಸಾದರೆ ಸ್ಟಿಯರಿಂಗ್, ಫೇಲಾದರೆ ಅದರ ಆಸೆ ಬಿಡಬೇಕು. ಹೊರಗಿನ ಡಾಕ್ಟರ ಹತ್ತಿರ ಹಳೆಯ ಮಾತ್ರೆ ಬರೆಸಿಕೊಳ್ಳೋಣವೆಂದರೆ ಡಿಪೋ ಒಪ್ಪದು. ಕೆಲಸಗಾರರ ಆಸ್ಪತ್ರೆಯ ಚಿಕಿತ್ಸೆ ಬಿಟ್ಟವಳು ಎಂದು ಬರೆದು ಪರೀಕ್ಷೆಗೇ ಕೂರಿಸದೆ ಮನೆಗೆ ಕಳಿಸುತ್ತಾರೆ.

“ನೀನೇ ಹೇಳಿದ್ದಲ್ಲೇ, ಸೂಜಿನೇ ಮೇಲು ಅಂತ” ಎಂದಳು ಅಕ್ಕ ಒಂದು ಬೆಳಿಗ್ಗೆ, ಎರಡೂ ಅಂಗೈ ನಡುವೆ ಲೋಟ ಒತ್ತಿ ಹಿಡಿದು ಟೀ ಕುಡಿಯುತ್ತ. ದೂರುವ ದನಿಯಲ್ಲ, ಸುಮ್ಮನೆ ಕೇಳಿದ ಹಾಗೆ. ದೂರಿದ್ದರೆ ಜರಡಿ ತಡೆದುಕೊಳ್ಳುತ್ತಿದ್ದಳು.

“ಸರಾಸರಿ ಅಕ್ಕಾ ಅದು. ಹೆಚ್ಚು ಜನಕ್ಕೆ ಆಗುತ್ತೆ, ಕೆಲವರಿಗೆ ಆಗಲ್ಲ.”

“ಹಂಗಾದ್ರೆ ನನ್ನ ಕೈ ನಿಮ್ಮ ಲೆಕ್ಕದಲ್ಲಿ ಎಲ್ಲಿ ಬಂತು?”

ಲೆಕ್ಕ ಕೂಡದಿದ್ದಾಗ ಜರಡಿ ಮಾಡುತ್ತಿದ್ದುದು ಒಂದೇ ಕೆಲಸ, ಮತ್ತೆ ಹುಡುಕುವುದು. ಆ ವಾರ ಹಳೆಯ ಗುಡ್ಡೆ ತೆಗೆದು ಪೆನ್ಸಿಲ್‌ನ ಅರ್ಧವನ್ನೂ ಮೊದಲ ಸಲ ಓದಲು ಕೂತಳು. ಅಕ್ಕನಂಥವರಿಗೆ ಸೂಜಿ ಯಾಕೆ ಒಗ್ಗುವುದಿಲ್ಲ ಎಂಬುದರ ಸುಳಿವು ಎಲ್ಲಾದರೂ ಇದ್ದೀತೆಂದು ಅವಳ ಆಸೆ. ಅದು ಸಿಗಲಿಲ್ಲ. ಸಿಕ್ಕಿದ್ದು ಒಂದು ಜೇನುಹುಳ.

ಮಧ್ಯಾಹ್ನ ಪೆನ್ಸಿಲ್ ಊಟದ ಡಬ್ಬಿ ತೊಳೆದುಕೊಂಡು ಬಂದಾಗ ಕೇಳಿದಳು. “ಈ ಲೇಖನ ನಿನ್ನ ಪಾಲಿಂದು ಅಲ್ವೇನೋ? ಇದರಲ್ಲಿ ಜೇನು ಕಚ್ಚಿ ಪ್ರಯೋಗ ಬಿಟ್ಟು ಹೋದ ರೋಗಿ ಒಬ್ಬ ಇದಾನೆ, ನೆನಪಿದೆಯಾ?”

“ಇದಾನೆ ಮೇಡಂ. ಪಾಪ, ಕೀಲುನೋವು ಅಂತ ಬಂದ, ಜೇನಿನ ಕೈಲಿ ಸಿಕ್ಕಾಕ್ಕೊಂಡ.”

“ನನ್ನ ಪಾಲಿನ ಒಂದು ಲೇಖನದಲ್ಲೂ ಒಬ್ಬನಿಗೆ ಕಚ್ಚಿದೆ. ಅದೇ ವಯಸ್ಸು, ಅದೇ ಸೂಜಿ, ಪ್ರಯೋಗ ಶುರುವಾದ ಅದೇ ವಾರ.”

“ಜೇನಿಗೆ ಆ ಸೂಜಿ ಕಂಡ್ರೆ ಏನೋ ಸಿಟ್ಟಿರಬೇಕು” ಎಂದು ಪೆನ್ಸಿಲ್ ನಕ್ಕ. ನಗು ಮುಗಿಯುವ ಮೊದಲೇ ಅವನಿಗೆ ಅರ್ಥವಾಯಿತು. ಕುರ್ಚಿ ಎಳೆದುಕೊಂಡು ಕೂತ.

ಎರಡು ಲೇಖನ, ಎರಡು ಬೇರೆ ವೈದ್ಯಕೀಯ ಪತ್ರಿಕೆ, ಬರೆದವರ ಸಾಲಿನಲ್ಲಿ ಮೊದಲ ಹೆಸರು ಬೇರೆ, ತಲೆಬರಹ ಬೇರೆ. ಒಂದರಲ್ಲಿ ಹಲವು ಆಸ್ಪತ್ರೆಗಳ ರೋಗಿಗಳು. ಇನ್ನೊಂದರಲ್ಲಿ ಅವುಗಳ ಪೈಕಿ ದೊಡ್ಡ ಆಸ್ಪತ್ರೆಗಳ ರೋಗಿಗಳು ಮಾತ್ರ, ಇನ್ನಷ್ಟು ತಿಂಗಳು ಕಾದು ಬರೆದದ್ದು. ಒಂದರಲ್ಲಿ ಇನ್ನೊಂದರ ಸುದ್ದಿಯೇ ಇಲ್ಲ. ಬರೆದವರು ಒಂದೇ ಹಸುವನ್ನು ಎರಡು ಸಂತೆಯಲ್ಲಿ ಮಾರಿದ್ದರು. ಒಬ್ಬನೇ ಮನುಷ್ಯ ಎರಡನ್ನೂ ಓದಿದ್ದರೆ ಆ ಜೇನು ಮೂಗಿನ ಮೇಲೇ ಬಂದು ಕೂರುತ್ತಿತ್ತು. ಆದರೆ ಒಂದು ಲೇಖನ ಮೇಲಿನ ಅರ್ಧದಲ್ಲಿತ್ತು, ಇನ್ನೊಂದು ಕೆಳಗಿನ ಅರ್ಧದಲ್ಲಿ. ಅದೇ ರೋಗಿಗಳನ್ನು ಎರಡು ಸಲ ತಕ್ಕಡಿಗೆ ಹಾಕಿದ್ದರು. ಸೂಜಿಯ ತಟ್ಟೆ ತೂಗದೆ ಇನ್ನೇನಾದೀತು?

ಜರಡಿ ಒಂದನ್ನು ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿದಳು. ಸೂಜಿಯ ಮೇಲುಗೈ ಕರಗಿತು. ಮಾತ್ರೆ ಮೇಲೆಂದೂ ಆಗಲಿಲ್ಲ. ಯಾವುದು ಮೇಲು ಎಂದು ಇಷ್ಟು ಸಾಕ್ಷ್ಯದಿಂದ ಹೇಳಲಾಗದು, ಅಷ್ಟೇ ಉಳಿದದ್ದು.

“ಹೇಳ್ಬೇಕು ಕಣೋ ಇದನ್ನ” ಎಂದಳು.

ಪೆನ್ಸಿಲ್ ಎರಡೂ ಲೇಖನಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ. “ಹೇಳಿ. ಆದ್ರೆ ಹೇಗೆ ತಪ್ಪಿತು ಅಂತ ಕೇಳ್ತಾರಲ್ಲ, ಆಗ?”

“ಇದ್ದದ್ದು ಹೇಳ್ತೀನಿ. ಅರ್ಧ-ಅರ್ಧ ಮಾಡಿದ್ವಿ. ಎಲ್ಲರೂ ಮಾಡ್ತಾರೆ. ಇಬ್ಬರೂ ಸಹಿ ಹಾಕಿದೀವಿ, ತಪ್ಪು ಇಬ್ಬರದ್ದೂ.”

“ನಿಮ್ಮದು ಕಾಯಂ ಕುರ್ಚಿ ಮೇಡಂ. ನನ್ನದು ಮಡಚೋ ಕುರ್ಚಿ. ತಪ್ಪು ಇಬ್ಬರದ್ದಾದ್ರೂ ಮಡಚೋದು ಯಾವುದನ್ನ ಅಂತ ನಿಮಗೆ ಗೊತ್ತಿಲ್ವಾ?”

“ನಿನ್ನ ಮೇಲೆ ಬರೋಕೆ ನಾನು ಬಿಡಲ್ಲ” ಎಂದಳು ಜರಡಿ. ಎದೆಯಿಂದಲೇ ಬಂದ ಮಾತು. ಆದರೆ ಆ ಮಾತನ್ನು ಉಳಿಸಿಕೊಳ್ಳುವ ತಾಕತ್ತು ತನಗಿದೆಯೇ ಎಂದು ಅವಳು ಜರಡಿ ಹಿಡಿದು ನೋಡಿಕೊಳ್ಳಲಿಲ್ಲ.

ದೊಡ್ಡವರು ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. “ಬಹಳ ಮುಖ್ಯವಾದ ವಿಷಯ ಇದು. ಮುಂದಿನ ಪರಿಷ್ಕರಣೆಯಲ್ಲಿ ಖಂಡಿತ ತಗೊಳ್ಳೋಣ.”

“ಅದು ಯಾವಾಗ ಸರ್?”

“ಹೊಸ ಸಾಕ್ಷ್ಯ ಸಾಕಷ್ಟು ಬಂದಾಗ.”

“ಅಷ್ಟರಲ್ಲಿ ಮಾತ್ರೆ ಬೇಕಾದವರ ಕೈ ಸೊಟ್ಟಗಾಗುತ್ತೆ ಸರ್.”

“ನೋಡಮ್ಮ, ನಿಮ್ಮ ಮನೆಯಲ್ಲಿ ಯಾರೋ ರೋಗಿ ಇದಾರೆ ಅಂತ ಕೇಳಿದೀನಿ. ಅಂಥ ಭಾವನೆಗಳನ್ನ ನಾವು ಸಾಕ್ಷ್ಯದ ಒಳಗೆ ತರಬಾರದು.”

ಇಪ್ಪತ್ತು ವರ್ಷದ ನೌಕರಿಯಲ್ಲಿ ಒಮ್ಮೆಯೂ ದನಿ ಎತ್ತದವಳು ಅಂದು ಎತ್ತಿದಳು. “ತಿದ್ದುಪಡಿ ನೀವು ಬರೀತೀರೋ, ವರದಿ ಅಚ್ಚಾದ ಪತ್ರಿಕೆಗೆ ನಾನೇ ಬರೀಲೋ?” ಎಂದಳು. ಅವಳ ಗಂಟಲಿನಿಂದ ಬಂದದ್ದು ಅಕ್ಕನ ದನಿ. ದೊಡ್ಡವರು ಕನ್ನಡಕ ಹಾಕಿಕೊಂಡರು. ಮೇಜಿನ ಆಚೆ ಕೂತವರು ಹೆದರುವುದು ತಪ್ಪಿಗಲ್ಲ. ಆ ತಪ್ಪನ್ನು ತಮಗಿಂತ ಮೊದಲು ಇನ್ನೊಬ್ಬರು ಹೇಳಿಬಿಡುವುದಕ್ಕೆ.

ವಿಚಾರಣೆ ಎಂದು ಮೂರು ಜನ ಕೂತರು. ಜರಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅರ್ಧ-ಅರ್ಧ, ಗಡುವು, ಎಲ್ಲ ಮೇಜುಗಳಲ್ಲೂ ನಡೆಯುವ ರೂಢಿ. ಅವರು ತಲೆಯಾಡಿಸಿದರು, ಬಿಸ್ಕೆಟ್ ತಿಂದರು. ಬರೆಯುವಾಗ ಮಾತ್ರ ಅರ್ಧ-ಅರ್ಧ ಎಂಬ ಮಾತು ಎಲ್ಲೂ ಬರಲಿಲ್ಲ. ಬರೆದಿದ್ದರೆ ಆ ಮಹಡಿಯಿಂದ ಹೋದ ಒಂದೊಂದು ವರದಿಯನ್ನೂ ಜನ ಮತ್ತೆ ಬಿಚ್ಚಿ ನೋಡುತ್ತಿದ್ದರು. ಅದರ ಬದಲು ‘ಗುತ್ತಿಗೆ ಓದುಗರೊಬ್ಬರು ಪುನರಾವರ್ತಿತ ಲೇಖನವನ್ನು ಗುರುತಿಸುವಲ್ಲಿ ವಿಫಲರಾದರು, ಹಿರಿಯ ಓದುಗರು ಅದನ್ನು ಪತ್ತೆಹಚ್ಚಿದರು’ ಎಂದು ಬರೆದರು. ಪೆನ್ಸಿಲ್‌ನ ಗುತ್ತಿಗೆ ಮುಂದುವರಿಯಲಿಲ್ಲ.

ಜರಡಿ ದೊಡ್ಡವರ ಕೋಣೆಗೆ ಹೋಗಿ, ತಪ್ಪು ನನ್ನದೂ ಹೌದು, ನನ್ನನ್ನೂ ತೆಗೆಯಿರಿ ಎಂದಳು. “ನಿಮ್ಮಂಥವರೇ ನಮಗೆ ಬೇಕು” ಎಂದರು ಅವರು. ರಾಜೀನಾಮೆ ಕೊಡಬಹುದಿತ್ತು. ಮನೆಯಲ್ಲಿ ಗಾಡಿಯಿಂದ ಇಳಿಸಲ್ಪಟ್ಟ ಅಕ್ಕನಿದ್ದಳು, ಕೊಡಲಿಲ್ಲ.

ಪೆನ್ಸಿಲ್ ತನ್ನ ಸಾಮಾನನ್ನು ಒಂದು ಕೈಚೀಲದಲ್ಲಿ ತುಂಬಿಕೊಂಡ. ಮೆಟ್ಟಿಲ ಬಳಿ ಅವಳು ಅಡ್ಡ ನಿಂತು ಏನೋ ಹೇಳಹೋದಳು. ಅವನೇ ಮೊದಲು ಬಾಯಿ ತೆರೆದ. “ಬೇಡ ಬಿಡಿ ಮೇಡಂ. ನಿಮ್ಮ ಅಕ್ಕನ ಕೈ ಸರಿ ಹೋದ್ರೆ ಒಂದು ಫೋನ್ ಮಾಡಿ. ಕೆಲಸ ಹೋಗಿದ್ದು ದಂಡ ಆಗ್ಲಿಲ್ಲ ಅಂದ್ಕೋತೀನಿ.” ಇಳಿದು ಹೋದ. ಅವಳು ಆಮೇಲೆ ಮಾಡಿದ ಕರೆಗಳನ್ನು ಅವನು ಎತ್ತಲಿಲ್ಲ.

ತಿದ್ದುಪಡಿ ಅಚ್ಚಾಯಿತು. ದೊಡ್ಡವರು ಅದನ್ನು ಮುಚ್ಚಿಡಲಿಲ್ಲ, ಕೊರಳಿಗೆ ಹಾಕಿಕೊಂಡು ಮೆರೆದರು. ಕಾಲೇಜಿನ ಸಭಾಂಗಣದಲ್ಲಿ ‘ತಪ್ಪನ್ನು ಒಪ್ಪಿಕೊಳ್ಳುವ ಸಂಸ್ಕೃತಿ’ ಎಂದು ಭಾಷಣ ಮಾಡಿ ಜರಡಿಯನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅವಳು ನಿಂತಳು, ಕೂತಳು. ಅದೇ ವಾರ ಇನ್ನೊಂದು ರೋಗದ ಗುಡ್ಡೆ ಬಂತು, ಹೊಸ ಜೋಡಿಯಾಗಿ ಒಬ್ಬ ಹೆಂಗಸು ಬಂದಳು. “ಮೇಲಿನ ಅರ್ಧ ನಿಮಗೋ ನನಗೋ?” ಎಂದು ಆಕೆ ಕೇಳಿದಳು. ಆಕೆಗೆ ಇದನ್ನು ಮೊದಲ ದಿನವೇ ಯಾರೋ ಕಲಿಸಿದ್ದರು.

“ಎರಡೂ ಅರ್ಧ ಇಬ್ಬರಿಗೂ” ಎಂದಳು ಜರಡಿ. ಆಕೆ ಗಡಿಯಾರ ನೋಡಿ ನಿಟ್ಟುಸಿರುಬಿಟ್ಟಳು.

ಇಷ್ಟೆಲ್ಲ ಆದದ್ದು ಯಾತಕ್ಕೆ? ಅಕ್ಕನ ಮಾತ್ರೆಗೆ. ಅಚ್ಚಾದ ತಿದ್ದುಪಡಿ ಹಿಡಿದುಕೊಂಡು ಅಕ್ಕನ ಜೊತೆ ಜರಡಿ ಆಸ್ಪತ್ರೆಗೆ ಹೋದಳು. ದೈಹಿಕ ಪರೀಕ್ಷೆಗೆ ಇನ್ನೂ ಸಮಯವಿತ್ತು. ಮಾತ್ರೆ ತಕ್ಷಣ ಶುರುವಾದರೆ ಬೆರಳು ಒಂದಷ್ಟಾದರೂ ಸಡಿಲವಾದಾವು. ಕೀಲುರೋಗದ ಡಾಕ್ಟರು ಒಳ್ಳೆಯವರೇ. ಕಾಗದ ಪೂರ್ತಿ ಓದಿದರು.

“ಅಂದ್ರೆ ಈಗ ಎರಡೂ ಸಮ ಅಂತಾಯ್ತು.”

“ಸಮ ಅಂತ ಅಲ್ಲ ಡಾಕ್ಟ್ರೇ. ಯಾವುದು ಮೇಲು ಅಂತ ಹೇಳೋಕಾಗಲ್ಲ, ಅಷ್ಟೇ. ಗೊತ್ತಿಲ್ಲ ಅನ್ನೋದು ಬೇರೆ, ಸಮ ಅನ್ನೋದು ಬೇರೆ.”

“ಸಮಿತಿ ಅದನ್ನ ಸಮ ಅಂತಾನೇ ಓದಿದೆ. ಸಮ ಇದ್ಮೇಲೆ ಇರೋದನ್ನ ಯಾಕೆ ಬದಲಾಯಿಸಬೇಕು ಅಂದ್ರು. ಸೂಜಿ ಈಗಾಗ್ಲೇ ಪಟ್ಟಿಯಲ್ಲಿದೆ, ನರ್ಸ್‌ಗಳಿಗೆ ಅಭ್ಯಾಸ ಆಗಿದೆ. ಮಾತ್ರೆ ವಾಪಸ್ ತರಬೇಕು ಅಂದ್ರೆ ಅದು ಸೂಜಿಗಿಂತ ಮೇಲು ಅಂತ ತೋರಿಸ್ಬೇಕಂತೆ.”

“ಹೋಗೋವಾಗ ಒಂದು ಕೂದಲೆಳೆ ಸಾಕಿತ್ತಲ್ಲ, ಬರೋವಾಗ ಬೆಟ್ಟ ಬೇಕಾ?” ಎಂದಳು ಅಕ್ಕ. “ಆ ಮಾತ್ರೆ ತಿಂದು ನಾನು ಬಸ್ಸು ಓಡಿಸಿದ್ದು ಸಾಕ್ಷ್ಯ ಅಲ್ವಾ? ನೀವೇ ಕಣ್ಣಾರೆ ನೋಡಿದೀರಲ್ಲ ಡಾಕ್ಟ್ರೇ.”

ಡಾಕ್ಟರು ಅಕ್ಕನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. “ನೋಡಿದೀನಮ್ಮ. ಆದ್ರೆ ನೀವು ಒಬ್ಬರು.”

“ಹೌದು ಸ್ವಾಮಿ. ಇಬ್ಬರಾಗೋಕೆ ನನ್ನ ಕೈಲಿ ಆಗಲಿಲ್ಲ.”

ಪಟ್ಟಿಯ ಆಚೆಗಿನದನ್ನು ಬರೆಯಲು ವಿಶೇಷ ಅನುಮತಿ ಕೇಳುತ್ತೇನೆ ಎಂದರು ಡಾಕ್ಟರು. ಕೇಳಿಯೂ ಕೇಳಿದರು. ಅನುಮತಿಯ ಅರ್ಜಿ ಸಮಿತಿಗೆ ಹೋಯಿತು, ಸಮಿತಿಯ ಸಭೆ ಮುಂದಕ್ಕೆ ಹೋಯಿತು, ಅಷ್ಟರಲ್ಲಿ ಬೇಸಿಗೆ ಹೋಯಿತು.

ಪರೀಕ್ಷೆಯ ದಿನ ಡಿಪೋದ ಡಾಕ್ಟರು ಅಕ್ಕನಿಗೆ ಒಂದು ರಬ್ಬರ್ ಚೆಂಡು ಕೊಟ್ಟು ಒತ್ತಿ ಎಂದರು. ಅಕ್ಕ ಒತ್ತಿದಳು. ಮುಖ ಕೆಂಪಾಗುವ ತನಕ ಒತ್ತಿದಳು. ಚೆಂಡಿಗೆ ಏನೂ ಅನಿಸಲಿಲ್ಲ. ಸಂಜೆ ಅವಳ ಹೆಸರು ಡ್ರೈವರುಗಳ ಸಾಲಿನಿಂದ ಹೋಗಿ, ಬಸ್ಸುಗಳಲ್ಲಿ ಜನ ಮರೆತು ಹೋದ ಕೊಡೆ, ಚೀಲ, ಮಕ್ಕಳ ಸ್ವೆಟರುಗಳನ್ನು ಕಾಯುವ ಕೋಣೆಗೆ ಬಿತ್ತು. ಕಿಟಕಿಯಿಲ್ಲದ ಕೋಣೆ. ಬಸ್ಸುಗಳು ಹೊರಡುವ ಸದ್ದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟು ಮನೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಜರಡಿಗೆ ಇಡೀ ರಾತ್ರಿ ನಿದ್ದೆ ಬಂದಿರಲಿಲ್ಲ. “ಅಕ್ಕಾ, ಸಮಿತಿಗೆ ಇನ್ನೊಂದು ಕಾಗದ ಬರೀತೀನಿ. ‘ಗೊತ್ತಿಲ್ಲ’ ಅನ್ನೋದನ್ನ ‘ಸಮ’ ಅಂತ ಓದಿದ್ದು ತಪ್ಪು ಅಂತ. ಉದಾಹರಣೆ ಕೊಟ್ಟು, ಬಿಡಿಸಿ ಬಿಡಿಸಿ ಬರೀತೀನಿ. ಪತ್ರಿಕೆಗೂ ಬರೀತೀನಿ. ಬಿಡಲ್ಲ ನಾನು.”

ಅಕ್ಕ ತಂಗಿಯ ಬೆರಳುಗಳನ್ನು ನೋಡಿದಳು.

“ಬರಿ ಕಣೇ. ನಿನ್ನ ಕೈ ಚೆನ್ನಾಗೇ ಇದೆಯಲ್ಲ.”

ಆಮೇಲೆ ಚಪ್ಪಲಿಯ ಪಟ್ಟಿ ಹಾಕಿಸಿಕೊಳ್ಳಲು ಕಾಲು ಮುಂದೆ ಚಾಚಿದಳು.